ಖಾತೆ ಜಂಟಿ ಆಗಲಿ, ಸಾಲ ಬೇಡ: ಸಾಲ ಇರುವ ಗಂಡ ಹೆಂಡತಿ ಬ್ಯಾಂಕಿಗೆ ಹೋಗುವ ಮುಂಚೆ

"ನಾವಿಬ್ಬರೂ ಜಂಟಿ ಖಾತೆ ಮಾಡಿಸ್ತಾ ಇದ್ದೀವಿ" ಅಂದಾಗ ನಮ್ಮತ್ತೆ ಕೈಯಲ್ಲಿದ್ದ ಮೊರ ಕೆಳಗಿಟ್ಟು, "ಯಾವ ಸರ್ವೆ ನಂಬರಿಗೆ?" ಎಂದು ಕೇಳಿದರು. ಸಕಲೇಶಪುರದ ಕಡೆ ಜಂಟಿ ಖಾತೆ ಎಂದರೆ ಮೊದಲು ನೆನಪಾಗುವುದು ಪಹಣಿ, ಅಣ್ಣತಮ್ಮಂದಿರ ಪಾಲು, ತಾಲ್ಲೂಕು ಕಚೇರಿ. ಬ್ಯಾಂಕಿನ ಖಾತೆ ಅತ್ತೆ ಎಂದ ಮೇಲೆ ಮೊರ ಮತ್ತೆ ಕೈಗೆ ಬಂತು. ಅವರ ಗಾಬರಿಯಲ್ಲೂ ಒಂದಿಷ್ಟು ಹುರುಳಿತ್ತು ಎಂದು ನಮಗೆ ಗೊತ್ತಾಗಿದ್ದು ಐದು ತಿಂಗಳು ಕಳೆದ ಮೇಲೆ.

ನಾವು ಮಾಡಿದ ತಪ್ಪು ಇಷ್ಟೇ. ಹಾಸನದಲ್ಲಿ ಮನೆಗೆ ಹತ್ತಿರ ಎಂದು ಒಂದು ಬ್ಯಾಂಕಿನಲ್ಲಿ ಖಾತೆ ತೆರೆದೆವು. ನಮ್ಮವರ ಪರ್ಸನಲ್ ಲೋನ್ ಇದ್ದದ್ದೂ ಅದೇ ಬ್ಯಾಂಕಿನಲ್ಲಿ. ಆ ವರ್ಷ ಮೆಣಸಿನ ದುಡ್ಡು ಕೈಗೆ ಬರುವುದು ತಡವಾಯಿತು, ಎರಡು ಕಂತು ನಿಂತವು. ಮೇ ಕೊನೆಯಲ್ಲಿ ಮಗಳ ಸ್ಕೂಲ್ ಫೀಸಿಗೆ ಎಂದು ಜಂಟಿ ಖಾತೆಯಲ್ಲಿ ಇಟ್ಟಿದ್ದ 18,600 ರೂಪಾಯಿ ತೆಗೆಯಲು ಹೋದರೆ ಎಟಿಎಂ ದುಡ್ಡು ಕೊಡಲಿಲ್ಲ. ಪಾಸ್‌ಬುಕ್ಕಿನಲ್ಲಿ ದುಡ್ಡಿತ್ತು, ಮುಟ್ಟುವ ಹಾಗಿರಲಿಲ್ಲ. ಅದರ ಮೇಲೆ ಹೋಲ್ಡ್ ಹಾಕಿದ್ದರು. ಅದರಲ್ಲಿ ಮುಕ್ಕಾಲು ಪಾಲು ನನ್ನ ಸಂಬಳ. ಪತ್ರ ಬರೆದು, ನನ್ನ ಸಂಬಳದ ಸ್ಲಿಪ್ ಲಗತ್ತಿಸಿ, ನಾಲ್ಕು ಸಲ ಓಡಾಡಿ ಬಿಡಿಸಿಕೊಳ್ಳಲು 19 ದಿನ ಹಿಡಿಯಿತು. ಫೀಸನ್ನು ಅಣ್ಣನಿಂದ ಕೈಸಾಲ ತಂದು ಕಟ್ಟಿದೆ.

ಹಾಗಂತ ಜಂಟಿ ಖಾತೆ ಬೇಡ ಅನ್ನುವವಳು ನಾನಲ್ಲ. ಈಗಲೂ ನಮಗೆ ಜಂಟಿ ಖಾತೆ ಇದೆ, ಚೆನ್ನಾಗಿ ನಡೆಯುತ್ತಿದೆ. ಮನೆ ಖರ್ಚು ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂಬ ತಿಂಗಳ ಕೊನೆಯ ಜಗಳ ನಿಂತಿದೆ. ಸಾಲ ಇದ್ದವರು ಖಾತೆ ತೆರೆಯುವ ದಾರಿ ಸ್ವಲ್ಪ ಬೇರೆ, ಅಷ್ಟೇ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸಾಲದ ಪಟ್ಟಿ, ಆಮೇಲೆ ಬ್ಯಾಂಕ್

ಒಂದು ಭಾನುವಾರ ಮಧ್ಯಾಹ್ನ, ಮಗು ಮಲಗಿದ ಮೇಲೆ, ಇಬ್ಬರೂ ಕೂತುಕೊಳ್ಳಿ. ನಾವು ಮಗಳ ಹಳೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಗೆರೆ ಎಳೆದೆವು. ಸಾಲ ಯಾರ ಹೆಸರಲ್ಲಿ, ಯಾರಿಗೆ ಕೊಡಬೇಕು, ಎಷ್ಟು ಉಳಿದಿದೆ, ತಿಂಗಳ ಕಂತು ಎಷ್ಟು, ಯಾವ ತಾರೀಖಿಗೆ, ಕೊನೆಗೆ ಇನ್ಯಾರು ಸಹಿ ಹಾಕಿದ್ದಾರೆ. ಈ ಕೊನೆಯ ಕಾಲಂ ಬಿಡಬೇಡಿ. ಮುಂದೆ ಎಲ್ಲ ತೊಡಕೂ ಅಲ್ಲಿಂದಲೇ ಹುಟ್ಟುತ್ತದೆ.

ಬೈಕ್ ಲೋನ್, ಪರ್ಸನಲ್ ಲೋನ್, ಕ್ರೆಡಿಟ್ ಕಾರ್ಡ್ ಎಲ್ಲರಿಗೂ ತಕ್ಷಣ ನೆನಪಾಗುತ್ತವೆ. ನಮ್ಮ ಕಡೆಯ ಸಾಲಗಳು ಅಲ್ಲಿಗೆ ಮುಗಿಯುವುದಿಲ್ಲ. ಸೊಸೈಟಿ ಬೆಳೆಸಾಲ ಇರುತ್ತದೆ. ಪಿಎಲ್‌ಡಿ ಬ್ಯಾಂಕಿನಲ್ಲಿ ಅಪ್ಪನ ಕಾಲದ್ದು ಏನೋ ಉಳಿದಿರುತ್ತದೆ. ಸಂಘದ ವಾರದ ಕಂತು, ಎತ್ತಿಕೊಂಡು ಇನ್ನೂ ಕಟ್ಟುತ್ತಿರುವ ಚೀಟಿ, ಅಡವಿಟ್ಟ ಚಿನ್ನ, ಅಂಗಡಿಯ ಗೊಬ್ಬರದ ಲೆಕ್ಕ, ಇವೂ ಸಾಲವೇ ಅಲ್ವಾ? ಜಮೀನಿನ ಮೇಲೆ ಏನಿದೆ ಎಂದು ತಿಳಿಯಲು ಪಹಣಿಯ ಋಣಗಳ ಕಾಲಂ ನೋಡಿ. ಬ್ಯಾಂಕಿನ ಅಡಮಾನ ಅಲ್ಲಿ ಕಾಣುತ್ತದೆ.

ನಮ್ಮ ಪಟ್ಟಿ ಮುಗಿಯಿತು ಎಂದುಕೊಂಡು ಕಾಫಿ ಕುಡಿಯುವಾಗ ನಮ್ಮವರು ಲೋಟ ಕೆಳಗಿಟ್ಟರು. "ಹಾಂ, ಸೊಸೈಟೀಲಿ ಚಿಕ್ಕಪ್ಪನ ಮಗನಿಗೆ ಒಂದು ಸಹಿ ಹಾಕಿದ್ದೆ." ಎಷ್ಟಕ್ಕೆ? "ಎಷ್ಟೋ. ಎರಡು ಲಕ್ಷ ಇರಬೇಕು." ಸುಮ್ನೆ ಒಂದು ಸಹಿ ಎಂದು ಹಾಕುವ ಜಾಮೀನು ಇದು. 1872ರ ಕಾಂಟ್ರ್ಯಾಕ್ಟ್ ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ. ಅವನು ಕಟ್ಟದಿದ್ದರೆ ಬಾಗಿಲು ತಟ್ಟುವುದು ನಮ್ಮ ಮನೆಯದು. ಬೈಯಲು ಬಾಯಿ ತೆರೆದವಳು ನಾನೂ ಸುಮ್ಮನಾದೆ. ನನ್ನ ಎರಡು ಬಳೆ ತಮ್ಮನ ಶುಂಠಿ ಬೆಳೆಗೆಂದು ಅಡವಿನಲ್ಲಿದ್ದದ್ದು ಅವರಿಗೆ ಗೊತ್ತಿರಲಿಲ್ಲ. ಅದನ್ನೂ ಬರೆದೆವು.

ನೆನಪಿನ ಮೇಲೆ ಮಾತ್ರ ನಂಬಿಕೆ ಇಡಬೇಡಿ. ಯಾವ ಸಾಲ ಇದೆ, ಹೇಗೆ ಕಟ್ಟಿದ್ದೀರಿ ಎಂದು ತೋರಿಸುವ ಕ್ರೆಡಿಟ್ ರಿಪೋರ್ಟ್ ಇಬ್ಬರದ್ದೂ ತೆಗೆಸಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ ನಾಲ್ಕು ಕಂಪನಿಗಳಿವೆ. ವರ್ಷಕ್ಕೊಂದು ಸಲ ಪೂರ್ತಿ ರಿಪೋರ್ಟನ್ನು ಪ್ರತಿ ಕಂಪನಿಯೂ ಉಚಿತವಾಗಿ ಕೊಡಬೇಕು, ರಿಸರ್ವ್ ಬ್ಯಾಂಕಿನ ನಿಯಮ. ಯಾವತ್ತೋ ತೀರಿಸಿದ ಮೊಬೈಲ್ ಲೋನ್ ಇನ್ನೂ ಬಾಕಿ ಎಂದು ತೋರಿಸುತ್ತಿದ್ದರೆ ಅಲ್ಲೇ ಗೊತ್ತಾಗುತ್ತದೆ. ಕೈಸಾಲ, ಚೀಟಿ, ಅಂಗಡಿ ಲೆಕ್ಕ ಮಾತ್ರ ಆ ರಿಪೋರ್ಟಿನಲ್ಲಿ ಬರುವುದಿಲ್ಲ. ಅವನ್ನು ಬಾಯಿಬಿಟ್ಟೇ ಹೇಳಬೇಕು.

ಪಟ್ಟಿ ಕೈಯಲ್ಲಿದ್ದಾಗ ಬಡ್ಡಿಯನ್ನೂ ಪಕ್ಕದಲ್ಲಿ ಬರೆಯಿರಿ. ಸೊಸೈಟಿಯ ಬೆಳೆಸಾಲ ನಮ್ಮ ರಾಜ್ಯದಲ್ಲಿ 5 ಲಕ್ಷದವರೆಗೆ ಶೂನ್ಯ ಬಡ್ಡಿ, ಆದರೆ ಗಡುವಿನೊಳಗೆ ಕಟ್ಟಿದರೆ ಮಾತ್ರ. ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆಸಾಲ 3 ಲಕ್ಷದವರೆಗೆ ಶೇ. 7, ಸರಿಯಾದ ಸಮಯಕ್ಕೆ ಕಟ್ಟಿದರೆ ಶೇ. 4ಕ್ಕೆ ಇಳಿಯುತ್ತದೆ. ಕ್ರೆಡಿಟ್ ಕಾರ್ಡಿನಲ್ಲಿ ಬಾಕಿ ಉಳಿಸಿಕೊಂಡರೆ ಎಷ್ಟೋ ಕಾರ್ಡುಗಳಲ್ಲಿ ತಿಂಗಳಿಗೇ ಶೇ. 3ಕ್ಕಿಂತ ಜಾಸ್ತಿ. ಯಾವುದನ್ನು ಮೊದಲು ತೀರಿಸಬೇಕು ಎಂದು ಈ ಕಾಲಂ ನೋಡಿದರೆ ಯಾರೂ ಹೇಳಿಕೊಡಬೇಕಿಲ್ಲ.

ಯಾವ ಬ್ಯಾಂಕ್ ಅನ್ನುವುದೇ ಅರ್ಧ ಕೆಲಸ

ನನ್ನ ಒಂದೇ ಒಂದು ಮಾತು ಕೇಳುವುದಾದರೆ ಇದನ್ನು ಕೇಳಿ. ನಿಮ್ಮಿಬ್ಬರಲ್ಲಿ ಯಾರಿಗೂ ಸಾಲ ಇಲ್ಲದ, ಯಾರೂ ಜಾಮೀನು ಹಾಕಿರದ ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಿರಿ.

ಕಾರಣ ಹೀಗಿದೆ. ಸಾಲಗಾರನ ಠೇವಣಿ ತನ್ನಲ್ಲೇ ಇದ್ದರೆ ಬಾಕಿಯನ್ನು ಅದರಿಂದ ಮುರಿದುಕೊಳ್ಳುವ ಹಕ್ಕು ಬ್ಯಾಂಕಿಗಿದೆ. ಬ್ಯಾಂಕಿನವರು ಸೆಟ್ ಆಫ್ ಅನ್ನುತ್ತಾರೆ. ಸಾಮಾನ್ಯ ನಿಯಮದಲ್ಲಿ ಸಾಲವೂ ಠೇವಣಿಯೂ ಒಂದೇ ಹೆಸರಿನಲ್ಲಿ, ಒಂದೇ ಹಕ್ಕಿನಲ್ಲಿ ಇರಬೇಕು. ಗಂಡನೊಬ್ಬನ ಸಾಲಕ್ಕೆ ಗಂಡ ಹೆಂಡತಿ ಇಬ್ಬರ ಖಾತೆಯನ್ನು ಸೀದಾ ಮುರಿಯುವ ಹಾಗಿಲ್ಲ. ಆದರೆ ಸಾಲ ತೆಗೆಯುವಾಗ ನಾವು ಓದದೆ ಸಹಿ ಹಾಕಿದ ಕರಾರಿನಲ್ಲಿ "ನನ್ನ ಯಾವುದೇ ಖಾತೆಯಿಂದ, ಜಂಟಿ ಖಾತೆಯೂ ಸೇರಿ" ಎಂಬಂಥ ಸಾಲು ಇರಬಹುದು. ಅದಿಲ್ಲದಿದ್ದರೂ ಗ್ರಾಹಕ ಸಂಖ್ಯೆ ಒಂದೇ ಆದ್ದರಿಂದ ಕಂಪ್ಯೂಟರಿನಲ್ಲಿ ಎಲ್ಲ ಖಾತೆಗಳೂ ಒಟ್ಟಿಗೆ ಕಾಣುತ್ತವೆ, ಯಾರೋ ಹೋಲ್ಡ್ ಹಾಕುತ್ತಾರೆ. ನಿಯಮ ನಿಮ್ಮ ಪರವಾಗಿದ್ದರೂ ದುಡ್ಡು ಬಿಡಿಸಿಕೊಳ್ಳುವ ಓಡಾಟ ನಿಮ್ಮದೇ. ಬೇರೆ ಬ್ಯಾಂಕಾದರೆ ಈ ತಲೆನೋವಿಲ್ಲ. ಇನ್ನೊಂದು ಬ್ಯಾಂಕಿನ ಖಾತೆಗೆ ಕೈ ಹಾಕಲು ಸಾಲ ಕೊಟ್ಟವರಿಗೆ ಕೋರ್ಟಿನಂಥ ಕಡೆಯಿಂದ ಆದೇಶ ಬೇಕು.

ಇಲ್ಲೊಂದು ಗುಂಡಿ ಇದೆ, ಎಷ್ಟೋ ಜನ ಬೀಳುತ್ತಾರೆ. ಬೇರೆ ಬ್ಯಾಂಕ್ ಎಂದು ನೀವು ಅಂದುಕೊಂಡದ್ದು ಬೇರೆ ಆಗಿರದೇ ಇರಬಹುದು. ಬಾಯಲ್ಲಿ ಇನ್ನೂ ಸಿಂಡಿಕೇಟ್ ಬ್ಯಾಂಕ್ ಅನ್ನುತ್ತೇವೆ. ಅದು 2020ರ ಏಪ್ರಿಲ್ 1ರಂದೇ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಆಯಿತು, ನಮ್ಮ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐ ಆಯಿತು. ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳೂ 2025ರ ಮೇ 1ರಿಂದ ಒಂದೇ. ಮಾವನ ಹಳೇ ಸಿಂಡಿಕೇಟ್ ಸಾಲಕ್ಕೆ ನೀವು ಜಾಮೀನು ಹಾಕಿದ್ದರೆ ಇವತ್ತು ನೀವು ಕೆನರಾ ಬ್ಯಾಂಕಿಗೆ ಜಾಮೀನುದಾರ. ಸಾಲದ ಪಟ್ಟಿಯಲ್ಲಿ ಬ್ಯಾಂಕಿನ ಹಳೇ ಹೆಸರಿದ್ದರೆ ಪಕ್ಕದಲ್ಲಿ ಈಗಿನ ಹೆಸರು ಬರೆದುಕೊಳ್ಳಿ, ಆಮೇಲೆ ಆಯ್ಕೆ ಮಾಡಿ.

ಇರುವ ಖಾತೆಗೇ ಇನ್ನೊಬ್ಬರ ಹೆಸರು ಸೇರಿಸಿಬಿಡೋಣ ಎಂದು ಕೌಂಟರಿನಲ್ಲಿ ಹೇಳುತ್ತಾರೆ, ಅವರಿಗೂ ಸುಲಭ. ಬೇಡ. ಹಳೇ ಖಾತೆಯ ಜೊತೆ ಅದಕ್ಕೆ ಅಂಟಿಕೊಂಡ, ಕಂತು ತಾನಾಗೇ ಕಡಿತವಾಗುವ ಆಟೋ ಡೆಬಿಟ್, ಹಳೇ ಚೆಕ್ಕು, ಇದ್ದರೆ ಹೋಲ್ಡು, ಎಲ್ಲವೂ ಬರುತ್ತವೆ. ಹೊಸದನ್ನೇ ತೆರೆಯಿರಿ.

ಜನಧನ್ ಖಾತೆ ಇದ್ದವರು ಇನ್ನೊಂದು ವಿಷಯ ಗಮನಿಸಿ. ಅದು ಮೂಲ ಉಳಿತಾಯ ಖಾತೆ. ಅಂಥ ಖಾತೆ ಇರುವ ಬ್ಯಾಂಕಿನಲ್ಲೇ ಮತ್ತೊಂದು ಉಳಿತಾಯ ಖಾತೆ ಇಟ್ಟುಕೊಳ್ಳಲು ನಿಯಮ ಬಿಡುವುದಿಲ್ಲ. ಹಾಗಾಗಿಯೂ ಬೇರೆ ಬ್ಯಾಂಕೇ ಸುಲಭ. ಕನಿಷ್ಠ ಬ್ಯಾಲೆನ್ಸ್ ಎಷ್ಟು ಎಂದು ಕೇಳಿ. ಎಸ್‌ಬಿಐ 2020ರಲ್ಲೇ, ಕೆನರಾ 2025ರ ಜೂನ್‌ನಿಂದ ಉಳಿತಾಯ ಖಾತೆಯಲ್ಲಿ ಅದು ಕಡಿಮೆಯಾದರೆ ಹಾಕುತ್ತಿದ್ದ ದಂಡ ಕೈಬಿಟ್ಟಿವೆ. ಖಾಸಗಿ ಬ್ಯಾಂಕುಗಳಲ್ಲಿ ಜಾಸ್ತಿ ಕೇಳುವವರಿದ್ದಾರೆ. ತಿಂಗಳ ಕೊನೆಗೆ ಖಾಲಿಯಾಗುವ ಮನೆ ಖರ್ಚಿನ ಖಾತೆಗೆ ಅದು ಹೊಂದುವುದಿಲ್ಲ.

ಫಾರಂನಲ್ಲಿ ಒಂದು ಟಿಕ್

ಖಾತೆ ತೆರೆಯುವ ಫಾರಂನಲ್ಲಿ "ವ್ಯವಹಾರ ವಿಧಾನ" ಎಂಬ ಸಾಲಿದೆ. ಬಹಳ ಜನ ಸಿಬ್ಬಂದಿ ತೋರಿಸಿದಲ್ಲಿ ಟಿಕ್ ಹಾಕಿ ಬರುತ್ತಾರೆ. ಸಾಲ ಇದ್ದ ಮನೆಯಲ್ಲಿ ಇದನ್ನು ಕೂತು ಯೋಚಿಸಬೇಕು.

ಐದರ್ ಆರ್ ಸರ್ವೈವರ್ ಎಂದರೆ ಇಬ್ಬರಲ್ಲಿ ಯಾರು ಬೇಕಾದರೂ ಒಬ್ಬರೇ ದುಡ್ಡು ತೆಗೆಯಬಹುದು, ಒಬ್ಬರು ಇಲ್ಲವಾದರೆ ಉಳಿದವರಿಗೆ ಸಿಗುತ್ತದೆ. ದಿನಸಿ, ಹಾಲು, ಕರೆಂಟ್ ಬಿಲ್ಲಿಗೆ ಇದೇ ಸರಿ. ಫಾರ್ಮರ್ ಆರ್ ಸರ್ವೈವರ್ ಎಂದರೆ ಮೊದಲ ಹೆಸರಿನವರು ಇರುವ ತನಕ ಅವರೊಬ್ಬರೇ ನಡೆಸುತ್ತಾರೆ. ಎರಡನೇ ಹೆಸರು ಹೆಸರಿಗಷ್ಟೇ. ಗಂಡ ಹೆಂಡತಿಗೆ ಇದನ್ನು ನಾನು ಒಪ್ಪುವುದಿಲ್ಲ, ಅಪ್ಪ ಮಗನಿಗೆ ಹೊಂದಬಹುದು. ಜಾಯಿಂಟ್ಲಿ ಎಂದರೆ ಪ್ರತಿ ಸಲವೂ ಇಬ್ಬರ ಸಹಿ ಬೇಕು. ಸಾಮಾನ್ಯವಾಗಿ ಎಟಿಎಂ ಕಾರ್ಡು, ಯುಪಿಐ ಇದಕ್ಕೆ ಸಿಗುವುದಿಲ್ಲ.

ನಾವು ಮಾಡಿಕೊಂಡದ್ದು ಎರಡು ಖಾತೆ. ದಿನದ ಖರ್ಚಿಗೆ ಮೊದಲನೆಯದು. ಸೈಟಿಗೆ ಎಂದು ಕೂಡಿಡುವ ದುಡ್ಡಿಗೆ ಇಬ್ಬರ ಸಹಿ ಬೇಕಾದದ್ದು. ಎರಡನೆಯದರಿಂದ ದುಡ್ಡು ತೆಗೆಯುವುದು ಕಷ್ಟ, ಅದಕ್ಕೇ ಅದು ಉಳಿದಿದೆ. ಸಾಲ ಕೊಟ್ಟವನು ಫೋನ್ ಮಾಡಿ ಜೋರು ಮಾಡಿದ ಸಂಜೆ ಒಬ್ಬರೇ ಹೋಗಿ ಸೈಟಿನ ದುಡ್ಡು ತೆಗೆದುಕೊಟ್ಟು ಬರುವ ಹಾಗಿಲ್ಲ.

ಮೊದಲ ಹೆಸರು ಯಾರದ್ದಿರಬೇಕು? ಫಿಕ್ಸೆಡ್ ಡೆಪಾಸಿಟ್ ಬಡ್ಡಿ, ಆ ಬಡ್ಡಿಯಿಂದ ಬ್ಯಾಂಕು ಮೊದಲೇ ಮುರಿಯುವ ತೆರಿಗೆ (ಟಿಡಿಎಸ್) ಎಲ್ಲ ಮೊದಲ ಹೆಸರಿನವರ ಪ್ಯಾನ್‌ಗೆ ಹೋಗುತ್ತದೆ. ಕಂತು ಬಾಕಿ ಇಲ್ಲದವರ ಹೆಸರು ಮೊದಲಿರಲಿ ಎಂಬುದು ನನ್ನ ಅನುಭವದ ಮಾತು. ನಮ್ಮಲ್ಲಿ ಈಗ ನನ್ನ ಹೆಸರು ಮೊದಲು.

ಬ್ಯಾಂಕಿಗೆ ಹೋಗುವ ದಿನ

ಇಬ್ಬರೂ ಹೋಗಬೇಕು. ಆಧಾರ್, ಪ್ಯಾನ್, ಎರಡೆರಡು ಫೋಟೊ, ಮೊಬೈಲ್. ಪ್ಯಾನ್ ಇಲ್ಲದಿದ್ದರೆ ಅದರ ಬದಲು ತುಂಬಿಕೊಡುವ ಫಾರಂ ಕೊಡುತ್ತಾರೆಯೇ ಕೇಳಿ. ಮದುವೆ ಪ್ರಮಾಣಪತ್ರ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಹೆಣ್ಣುಮಕ್ಕಳ ಆಧಾರ್‌ನಲ್ಲಿ ಗಂಡನ ಹೆಸರು, ಪ್ಯಾನ್‌ನಲ್ಲಿ ಅಪ್ಪನ ಇನಿಶಿಯಲ್ ಇದ್ದರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಮದುವೆ ಪ್ರಮಾಣಪತ್ರ ಜೊತೆಗಿದ್ದರೆ ಹಳೇ ಹೆಸರಿನ ದಾಖಲೆಯನ್ನೂ ಒಪ್ಪಬೇಕು ಎಂದು ರಿಸರ್ವ್ ಬ್ಯಾಂಕಿನ ಕೆವೈಸಿ (ಗ್ರಾಹಕರ ಗುರುತು ಪರಿಶೀಲನೆ) ನಿಯಮವೇ ಹೇಳುತ್ತದೆ. ಇದನ್ನು ಕೌಂಟರಿನಲ್ಲಿ ಮೆತ್ತಗೆ ನೆನಪಿಸಿ.

ಎಸ್ಸೆಮ್ಮೆಸ್ ಇಬ್ಬರ ಫೋನಿಗೂ ಬರುವ ಹಾಗೆ ಬರೆದುಕೊಡಿ. ಕೇಳದಿದ್ದರೆ ಮೊದಲ ಹೆಸರಿನವರಿಗೆ ಮಾತ್ರ ಹೋಗುತ್ತದೆ. ಕಾರ್ಡ್ ಇಬ್ಬರಿಗೂ ಒಂದೊಂದು. ಓವರ್‌ಡ್ರಾಫ್ಟ್, ಅಂದರೆ ಖಾತೆಯಲ್ಲಿ ಇರುವುದಕ್ಕಿಂತ ಜಾಸ್ತಿ ತೆಗೆಯುವ ಸಾಲ, ಬೇಕಾ ಎಂದು ಕೇಳಿದರೆ ಬೇಡ ಅನ್ನಿ. ಜಂಟಿ ಖಾತೆಯ ಓವರ್‌ಡ್ರಾಫ್ಟನ್ನು ಒಬ್ಬರೇ ಖರ್ಚು ಮಾಡಿದರೂ ತೀರಿಸುವ ಹೊಣೆ ಇಬ್ಬರದ್ದೂ, ಪೂರ್ತಿಯಾಗಿ.

ನಾಮಿನಿ ಕಾಲಂ ಖಾಲಿ ಬಿಡಬೇಡಿ. ಐದರ್ ಆರ್ ಸರ್ವೈವರ್ ಇದೆಯಲ್ಲ, ನಾಮಿನಿ ಯಾಕೆ ಎಂದು ನಮ್ಮವರೂ ಕೇಳಿದ್ದರು. ಇಬ್ಬರೂ ಒಂದೇ ಬೈಕಿನಲ್ಲಿ ಶಿರಾಡಿ ಘಾಟಿ ಇಳಿಯುವವರು ನಾವು, ಅಷ್ಟೇ ಹೇಳಿದೆ. 2025ರ ನವೆಂಬರ್ 1ರಿಂದ ನಾಲ್ಕು ಜನರವರೆಗೆ ನಾಮಿನಿ ಮಾಡಬಹುದು.

ಯಾರು ಎಷ್ಟು ಹಾಕಬೇಕು

ಜಗಳ ಹುಟ್ಟುವುದೂ ಇಲ್ಲೇ, ತೀರುವುದೂ ಇಲ್ಲೇ. ಲೆಕ್ಕ ಒಂದನ್ನು ಬಿಡಿಸಿ ತೋರಿಸುತ್ತೇನೆ.

ಹೆಂಡತಿಯ ಸಂಬಳ 24,000, ಅವಳ ಕಂತು 5,200. ಗಂಡನ ಸಂಬಳ 31,000, ಅವನ ಕಂತು 14,500. ಮನೆ ಖರ್ಚು ತಿಂಗಳಿಗೆ 21,000 ಅಂದುಕೊಳ್ಳಿ. ಸಂಬಳದ ಅನುಪಾತದಲ್ಲಿ ಹಂಚಿದರೆ ಹೆಂಡತಿ ಸುಮಾರು 9,200, ಗಂಡ 11,800 ಹಾಕಬೇಕು. ಆಗ ಕಂತು ಕಟ್ಟಿ, ಪಾಲು ಹಾಕಿ, ಗಂಡನ ಕೈಯಲ್ಲಿ ಉಳಿಯುವುದು 4,700. ಹೆಂಡತಿ ಬಳಿ 9,600. ಕಂತು ಕಳೆದು ಉಳಿದ ದುಡ್ಡಿನ ಅನುಪಾತದಲ್ಲಿ ಹಂಚಿದರೆ ಕಥೆ ಬೇರೆ. ಅವಳಿಗೆ ಉಳಿದದ್ದು 18,800, ಅವನಿಗೆ 16,500. ಈಗ ಅವಳು 11,200, ಅವನು 9,800 ಹಾಕಬೇಕು. ಅಂದರೆ ಅವನ ಸಾಲದ ಭಾರದಲ್ಲಿ ತಿಂಗಳಿಗೆ 2,000 ರೂಪಾಯಿ ಅವಳ ಹೆಗಲಿಗೆ ಬಂತು.

ಯಾವುದು ಸರಿ? ಸಾಲ ಯಾತಕ್ಕೆ ಮಾಡಿದ್ದು ಎಂದು ನೋಡಬೇಕು ಎಂಬುದು ನನ್ನ ಲೆಕ್ಕ. ಮನೆಗೆ ಫ್ರಿಜ್ ತಂದದ್ದು, ಹೆರಿಗೆ ಖರ್ಚು, ಮಗುವಿನ ಫೀಸು, ಇವುಗಳ ಕಂತನ್ನು ಕಳೆದೇ ಹಂಚಬೇಕು. ಮದುವೆಗೆ ಮುಂಚೆ ಅವರು ಬುಲೆಟ್ ತೆಗೆದುಕೊಂಡದ್ದು, ನಾನು ತಮ್ಮನಿಗೆ ಬಳೆ ಕೊಟ್ಟದ್ದು, ಇವು ಅವರವರ ಪಾಲಿಗೆ. ನಾವು ಪಟ್ಟಿಯಲ್ಲಿ ಪ್ರತಿ ಸಾಲದ ಮುಂದೆ "ಮನೆ" ಅಥವಾ "ಸ್ವಂತ" ಎಂದು ಬರೆದೆವು. ಬುಲೆಟ್ ಮುಂದೆ ಏನು ಬರೆಯಬೇಕು ಎಂದು ಒಂದು ವಾರ ಮಾತುಕತೆ ನಡೆಯಿತು. ತೋಟಕ್ಕೂ ಅದರಲ್ಲೇ ಹೋಗುವುದು ಎಂಬ ವಾದ. ಕೊನೆಗೆ ಅರ್ಧ ಮನೆ, ಅರ್ಧ ಸ್ವಂತ ಎಂದಾಯಿತು.

ತಿಂಗಳ ಸಂಬಳ ಇಲ್ಲದವರಿಗೆ ಈ ಲೆಕ್ಕ ಹೊಂದುವುದಿಲ್ಲ. ಕಾಫಿ ದುಡ್ಡು ಬರುವುದು ವರ್ಷಕ್ಕೊಂದು ಸಲ, ಕೊಯ್ಲು ಮುಗಿದು ಮಾರಿದ ಮೇಲೆ. ಆಲೂಗಡ್ಡೆಯೂ ಹಾಗೇ, ಶುಂಠಿಯಂತೂ ಜೂಜು. ಅಂಥವರು ದುಡ್ಡು ಬಂದ ವಾರದಲ್ಲೇ ಮುಂದಿನ ಹನ್ನೆರಡು ತಿಂಗಳ ಪಾಲನ್ನು ಬೇರೆ ತೆಗೆದು ಇಡಬೇಕು. ನಮ್ಮ ಭಾವ ಫೆಬ್ರವರಿಯಲ್ಲಿ ಹಾಗೆ ಎತ್ತಿಟ್ಟು, ಪ್ರತಿ ತಿಂಗಳ 5ನೇ ತಾರೀಖಿಗೆ ಜಂಟಿ ಖಾತೆಗೆ ಹೋಗುವ ಹಾಗೆ ಬ್ಯಾಂಕಿಗೆ ಸೂಚನೆ ಕೊಟ್ಟಿದ್ದಾರೆ. ಸಂಬಳ ಬಂದ ಹಾಗೆ ಬರುತ್ತದೆ ಎಂದು ಅಕ್ಕ ನಗುತ್ತಾಳೆ.

ಜಂಟಿ ಖಾತೆಗೆ ಬರಬಾರದ್ದು

ಪೂರ್ತಿ ಸಂಬಳ ಇಲ್ಲಿಗೆ ಬೇಡ. ಸಂಬಳ ಅವರವರ ಸ್ವಂತ ಖಾತೆಗೆ ಬರಲಿ. ಕಂತೂ ಅಲ್ಲಿಂದಲೇ ಹೋಗಲಿ. ಉಳಿದದ್ದರಲ್ಲಿ ಮಾತಾದ ಪಾಲು ಮಾತ್ರ ಇಲ್ಲಿಗೆ ಬರಲಿ.

ಜಂಟಿ ಖಾತೆಗೆ ಕಂತಿನ ಆಟೋ ಡೆಬಿಟ್ ಕೊಡಲೇಬೇಡಿ. ಒಬ್ಬರು ಹಬ್ಬಕ್ಕೆಂದು ದುಡ್ಡು ತೆಗೆದಿರುತ್ತಾರೆ, ಮರುದಿನ ಇನ್ನೊಬ್ಬರ ಕಂತು ಬೌನ್ಸ್ ಆಗುತ್ತದೆ. ಎರಡೂ ಕಡೆ ದಂಡ, ಜೊತೆಗೆ ಸಿಬಿಲ್‌ನಲ್ಲಿ ಗೆರೆ. 2007ರ ಪಾವತಿ ವ್ಯವಸ್ಥೆ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ದುಡ್ಡಿಲ್ಲದೆ ಆಟೋ ಡೆಬಿಟ್ ತಪ್ಪಿದರೂ ಚೆಕ್ ಬೌನ್ಸ್ ಆದ ಹಾಗೇ ಕೇಸು ಹಾಕಬಹುದು.

ಚೆಕ್ಕಿನ ಮಾತು ಬಂತಲ್ಲ, ಹೆಂಗಸರಿಗೆ ಸಮಾಧಾನದ ಒಂದು ವಿಷಯ. ಜಂಟಿ ಖಾತೆಯ ಚೆಕ್ಕಿಗೆ ಗಂಡ ಒಬ್ಬನೇ ಸಹಿ ಹಾಕಿ ಅದು ಬೌನ್ಸ್ ಆದರೆ, ಖಾತೆಯಲ್ಲಿ ಹೆಸರಿದೆ ಎಂಬ ಒಂದೇ ಕಾರಣಕ್ಕೆ ಹೆಂಡತಿಯ ಮೇಲೆ ಚೆಕ್ ಬೌನ್ಸಿಗೆ ಹಾಕುವ 138ನೇ ಸೆಕ್ಷನ್ ಕೇಸು ನಿಲ್ಲುವುದಿಲ್ಲ. ಸುಪ್ರೀಂ ಕೋರ್ಟ್ 2013ರಲ್ಲಿ ಹೀಗೆ ಹೇಳಿದೆ. ಸಹಿ ಹಾಕಿದವರಿಗೇ ಹೊಣೆ.

ಗೃಹಲಕ್ಷ್ಮಿಯ 2,000, ಪಿಎಂ ಕಿಸಾನ್ ಕಂತು, ಬೆಳೆ ಪರಿಹಾರ, ಇವು ಬರುವ ಖಾತೆಯನ್ನು ಅಲುಗಾಡಿಸಬೇಡಿ. ಈ ದುಡ್ಡು ಆಧಾರ್ ಯಾವ ಬ್ಯಾಂಕಿಗೆ ಜೋಡಣೆ ಆಗಿದೆಯೋ ಅಲ್ಲಿಗೆ ಹೋಗುತ್ತದೆ, ಮತ್ತು ಒಂದು ಆಧಾರ್‌ಗೆ ಒಂದೇ ಬ್ಯಾಂಕ್. ಹೊಸ ಖಾತೆ ತೆರೆಯುವಾಗ "ಸರ್ಕಾರದ ಸಹಾಯಧನ ಈ ಖಾತೆಗೆ ಬರಲಿ" ಎಂಬ ಚೌಕಕ್ಕೆ ಗೊತ್ತಿಲ್ಲದೆ ಟಿಕ್ ಹಾಕಿದರೆ ಜೋಡಣೆ ಬದಲಾಗುತ್ತದೆ. ಆಮೇಲೆ ಹಳೇ ಪಾಸ್‌ಬುಕ್ ಹಿಡಿದು ದುಡ್ಡು ಬಂದಿಲ್ಲ ಎಂದು ಅಲೆಯುವುದು. ನಮ್ಮ ಬೀದಿಯಲ್ಲೇ ಒಬ್ಬರಿಗೆ ಹೀಗಾಯಿತು, ಮೂರು ತಿಂಗಳ ದುಡ್ಡು ಬೇರೆ ಖಾತೆಯಲ್ಲಿ ಸುಮ್ಮನೆ ಕೂತಿತ್ತು.

ಖಾತೆ ಸೇರಿದರೆ ಸಾಲ ಸೇರುತ್ತದಾ?

ಇಲ್ಲ. ಉಳಿತಾಯದ ಜಂಟಿ ಖಾತೆ ತೆರೆದ ಮಾತ್ರಕ್ಕೆ ಅವರ ಸಾಲ ನಿಮ್ಮದಾಗುವುದಿಲ್ಲ, ಅವರ ಕೆಟ್ಟ ಸಿಬಿಲ್ ಸ್ಕೋರ್ ನಿಮಗೆ ಅಂಟುವುದೂ ಇಲ್ಲ. ಹೆಂಡತಿ ಎಂಬ ಕಾರಣಕ್ಕೆ ಗಂಡನ ಸಾಲ ಕಟ್ಟಬೇಕು ಎಂಬ ಕಾನೂನಿಲ್ಲ. ಒಬ್ಬರು ತೀರಿಕೊಂಡರೂ, ಸಹಿ ಹಾಕದ ಇನ್ನೊಬ್ಬರು ತಮ್ಮ ಸ್ವಂತ ದುಡ್ಡಿನಿಂದ ತೀರಿಸಬೇಕಿಲ್ಲ. ತೀರಿಕೊಂಡವರಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ ಹೊಣೆ.

ಹೊಣೆ ಬರುವುದು ಸಹಿಯಿಂದ. ಸಹ ಅರ್ಜಿದಾರ, ಜಾಮೀನುದಾರ ಎಂದು ಎಲ್ಲಿ ಬರೆದಿದೆಯೋ ಅಲ್ಲಿ ಸಹಿ ಹಾಕುವ ಮುಂಚೆ ಒಂದು ರಾತ್ರಿ ಕಳೆಯಲಿ. ಜಂಟಿ ಖಾತೆ ಆದ ಮೇಲೆ ಬ್ಯಾಂಕಿನವರು "ಇಬ್ಬರ ಹೆಸರಲ್ಲೇ ಲೋನ್ ಮಾಡಿಸಿ, ಜಾಸ್ತಿ ಸಿಗುತ್ತೆ" ಅನ್ನುತ್ತಾರೆ. ಹೌದು, ಜಾಸ್ತಿ ಸಿಗುತ್ತದೆ. ಇಬ್ಬರ ರಿಪೋರ್ಟಿನಲ್ಲೂ ಕೂರುತ್ತದೆ.

ಒಂದು ಕಡೆ ಮಾತ್ರ ಸಹಿ ಇಲ್ಲದೆಯೂ ಗಂಡ ಹೆಂಡತಿಯ ಸಾಲ ಒಟ್ಟು ಲೆಕ್ಕಕ್ಕೆ ಬರುತ್ತದೆ. ಅದು ಮೈಕ್ರೋಫೈನಾನ್ಸ್. 2022ರ ಏಪ್ರಿಲ್‌ನಿಂದ ಇರುವ ರಿಸರ್ವ್ ಬ್ಯಾಂಕಿನ ನಿಯಮದಲ್ಲಿ, ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವುದೇ ಈ ಸಾಲ. ಕುಟುಂಬ ಎಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಎಲ್ಲರ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ತಿಂಗಳಿಗೆ 25,000 ದುಡಿಯುವ ಮನೆಗೆ ಒಟ್ಟು ಕಂತು 12,500. ಗಂಡನ ಬೈಕ್ ಕಂತು ಮುಚ್ಚಿಟ್ಟು ಹೆಂಡತಿ ಇನ್ನೊಂದು ಸಾಲ ತೆಗೆದರೆ ಕತ್ತು ಸಿಕ್ಕಿಕೊಳ್ಳುವುದು ಮನೆಯದೇ. ವಸೂಲಿಗೆ ಬಂದು ದೌರ್ಜನ್ಯ ಮಾಡುವವರ ಮೇಲೆ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು, ಆಮೇಲೆ ಅದು ಕಾಯ್ದೆಯಾಯಿತು, 10 ವರ್ಷದವರೆಗೆ ಜೈಲು ಇದೆ. ಬಾಗಿಲಲ್ಲಿ ಕೂಗಾಡಿದರೆ ಪೊಲೀಸರಿಗೆ ದೂರು ಕೊಡಲು ಹಿಂಜರಿಯಬೇಡಿ.

ಎಡವಟ್ಟಾದರೆ

ಜಂಟಿ ಖಾತೆಯ ದುಡ್ಡಿಗೆ ಹೋಲ್ಡ್ ಬಿದ್ದರೆ ಬಾಯಿಮಾತಿನಲ್ಲಿ ಬೇಡಿಕೊಳ್ಳುವುದರಲ್ಲಿ ದಿನ ಕಳೆಯಬೇಡಿ, ನಾನು ಮೊದಲ ವಾರ ಹಾಗೇ ಕಳೆದೆ. ಮೊದಲ ದಿನವೇ ಬರೆದು ಕೊಡಿ. ಯಾವ ಸಾಲಕ್ಕೆ, ಯಾವ ಕರಾರಿನ ಯಾವ ಷರತ್ತಿನ ಪ್ರಕಾರ ಹಿಡಿದಿದ್ದೀರಿ ಎಂದು ಲಿಖಿತವಾಗಿ ಕೇಳಿ. ನಿಮ್ಮ ಪಾಲಿನ ದುಡ್ಡು ಎಲ್ಲಿಂದ ಬಂತು ಎಂಬುದಕ್ಕೆ ಸಂಬಳದ ಸ್ಲಿಪ್, ಸ್ಟೇಟ್‌ಮೆಂಟ್ ಲಗತ್ತಿಸಿ. ನಕಲಿನ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಖರ್ಚಿಲ್ಲ, ವಕೀಲರು ಬೇಕಿಲ್ಲ. 14448ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ.

ಗಂಡ ಹೆಂಡತಿ ನಡುವೆಯೇ ಎಡವಟ್ಟಾದರೆ? ಒಬ್ಬರು ಬ್ಯಾಂಕಿಗೆ ಪತ್ರ ಕೊಟ್ಟು ಖಾತೆಯ ವ್ಯವಹಾರ ನಿಲ್ಲಿಸಬಹುದು. ಆಮೇಲೆ ಇಬ್ಬರೂ ಒಟ್ಟಿಗೆ ಬರೆದುಕೊಡುವ ತನಕ ಯಾರೂ ತೆಗೆಯುವ ಹಾಗಿಲ್ಲ. ಖಾತೆ ಮುಚ್ಚಲು, ಒಬ್ಬರ ಹೆಸರು ತೆಗೆಸಲು ಇಬ್ಬರ ಸಹಿಯೂ ಬೇಕು. ಇದು ಖಾತೆ ತೆರೆಯುವ ದಿನವೇ ಇಬ್ಬರಿಗೂ ಗೊತ್ತಿರಲಿ.

ನೋಟ್‌ಬುಕ್ಕಿನ ಆ ಪುಟವನ್ನು ನಾವು ಈಗಲೂ ಇಟ್ಟಿದ್ದೇವೆ. ವರ್ಷಕ್ಕೆರಡು ಸಲ, ಯುಗಾದಿಯ ವಾರ ಮತ್ತು ದೀಪಾವಳಿಯ ವಾರ, ತೆಗೆದು ತಿದ್ದುತ್ತೇವೆ. ಪರ್ಸನಲ್ ಲೋನ್ ಮೇಲೆ ಗೆರೆ ಬಿದ್ದಿದೆ. ಬಳೆ ಮನೆಗೆ ಬಂದಿವೆ. ಚಿಕ್ಕಪ್ಪನ ಮಗನ ಜಾಮೀನು ಇನ್ನೂ ಹಾಗೇ ಇದೆ, ಈ ದೀಪಾವಳಿಗೆ ಅವನನ್ನೇ ಊಟಕ್ಕೆ ಕರೆದು ಸೊಸೈಟಿ ರಸೀದಿ ತರಲು ಹೇಳಿದ್ದೇವೆ.